ರಕ್ತದ ಹನಿ, ಅಳತೆಯ ಕೋಲು

ಬೆನ್ನೆಲುಬಿನ ಎರಡೂ ಪಕ್ಕಗಳಲ್ಲಿ ಹುದುಗಿರುವ ಮೂತ್ರಪಿಂಡಗಳು ಹಗಲಿರುಳೆನ್ನದೆ ನಮ್ಮ ರಕ್ತವನ್ನು ಸೋಸುತ್ತಿರುತ್ತವೆ. ಒಂದೊಂದರಲ್ಲಿಯೂ ಸುಮಾರು 10 ಲಕ್ಷ ನೆಫ್ರಾನುಗಳಿವೆ. ವಯಸ್ಕರಲ್ಲಿ ಇವು ದಿನವೊಂದಕ್ಕೆ ಸೋಸುವ ದ್ರವ ಸುಮಾರು 180 ಲೀಟರ್. ಅದರ ಬಹುಭಾಗ ಮರಳಿ ರಕ್ತವನ್ನೇ ಸೇರುತ್ತದೆ. ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ ಹೊರಬೀಳುತ್ತದೆ. ಒಂದು ನಿಮಿಷದಲ್ಲಿ ಎಷ್ಟು ದ್ರವ ಸೋಸಲ್ಪಡುತ್ತದೆ ಎಂಬುದೇ ಮೂತ್ರಪಿಂಡಗಳ ಸಾಮರ್ಥ್ಯದ ಅಳತೆ.

ಇದನ್ನು ತಿಳಿಯುವ ಬಗೆ ಹೇಗೆ? ಇನ್ಯುಲಿನ್ ಎಂಬ ಸಸ್ಯಜನ್ಯ ಪದಾರ್ಥವನ್ನು ರಕ್ತಕ್ಕೆ ಸೇರಿಸಿ, ಅದು ಮೂತ್ರದಲ್ಲಿ ಹೊರಬರುವ ಪ್ರಮಾಣವನ್ನು ಅಳೆಯುವುದು ಬಹು ನಿಖರವಾದ ವಿಧಾನ. ಆದರೆ ಅದಕ್ಕೆ ಗಂಟೆಗಟ್ಟಲೆ ಕಾಲ ಬೇಕು. ಸೂಜಿಯನ್ನು ಪದೇ ಪದೇ ಚುಚ್ಚಬೇಕು. ಎಳೆಯ ರೋಗಿಗೆ ಇದು ಹಿಂಸೆ. ಆದುದರಿಂದ ವೈದ್ಯರು ದೇಹದಲ್ಲಿಯೇ ಹುಟ್ಟುವ ಕ್ರಿಯಾಟಿನಿನ್ ಎಂಬ ಕಶ್ಮಲವನ್ನು ಆಶ್ರಯಿಸಿದರು. ಇದು ಸ್ನಾಯುಗಳಲ್ಲಿ ಪ್ರತಿದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಉತ್ಪತ್ತಿಯಾಗುತ್ತದೆ. ಮೂತ್ರಪಿಂಡಗಳು ಸೋತರೆ ರಕ್ತದಲ್ಲಿ ಶೇಖರವಾಗುತ್ತದೆ. ಕ್ಷಾರ ಬೆರೆತ ಪಿಕ್ರಿಕ್ ಆಮ್ಲದೊಡನೆ ಇದು ಕಿತ್ತಳೆಗೆಂಪು ಬಣ್ಣ ತಾಳುವುದನ್ನು 1886ರಲ್ಲಿ ಜರ್ಮನಿಯ ಮ್ಯಾಕ್ಸ್ ಯಾಫೆ ಕಂಡುಹಿಡಿದನು. ಆ ಬಣ್ಣದ ಗಾಢತೆಯಿಂದ ಕ್ರಿಯಾಟಿನಿನ್ನಿನ ಪ್ರಮಾಣವನ್ನು ತಿಳಿಯುವುದು ಸಾಧ್ಯವಾಯಿತು.

ಆದರೆ ಮಕ್ಕಳ ವಿಷಯದಲ್ಲಿ ಒಂದು ತೊಡಕುಂಟು. 100 ಮಿಲಿಲೀಟರ್ ರಕ್ತದಲ್ಲಿ 1 ಮಿಲಿಗ್ರಾಂ ಕ್ರಿಯಾಟಿನಿನ್ ಇದ್ದರೆ, ದೃಢಕಾಯನಾದ ಯುವಕನಲ್ಲಿ ಅದು ಸಹಜ. ನಾಲ್ಕು ವರ್ಷದ ಮಗುವಿನ ಸ್ನಾಯುಗಳಾದರೋ ಅತ್ಯಲ್ಪ. ಅಷ್ಟು ಪುಟ್ಟ ದೇಹದ ರಕ್ತದಲ್ಲಿ ಅದೇ 1 ಮಿಲಿಗ್ರಾಂ ಕಂಡುಬಂದರೆ ಅದು ಅಪಾಯದ ಸೂಚನೆ. ಸಂಖ್ಯೆ ಒಂದೇ, ಅರ್ಥ ಬೇರೆ!

ಈ ತೊಡಕನ್ನು ಬಿಡಿಸಲು 1976ರಲ್ಲಿ ಅಮೆರಿಕದ ಮಕ್ಕಳ ವೈದ್ಯ ಜಾರ್ಜ್ ಶ್ವಾರ್ಟ್ಸ್ ಮತ್ತು ಸಂಗಡಿಗರು ಸುಲಭವಾದ ಸೂತ್ರವೊಂದನ್ನು ಮುಂದಿಟ್ಟರು. ಮಗು ಎತ್ತರವಾದಂತೆ ಸ್ನಾಯುಗಳೂ ಬೆಳೆಯುತ್ತವೆಯಷ್ಟೆ. ಆದುದರಿಂದ ಸೆಂಟಿಮೀಟರುಗಳಲ್ಲಿ ಎತ್ತರವನ್ನು ಅಳೆದು, ಅದನ್ನು ಒಂದು ಸ್ಥಿರಾಂಕದಿಂದ ಗುಣಿಸಿ, ಕ್ರಿಯಾಟಿನಿನ್ನಿನ ಪ್ರಮಾಣದಿಂದ ಭಾಗಿಸಬೇಕು. ಆಗ ಬಳಸುತ್ತಿದ್ದ ಸ್ಥಿರಾಂಕ 0.55. ಯಾಫೆಯ ವಿಧಾನದಲ್ಲಿ ರಕ್ತದ ಇತರ ಕೆಲವು ವಸ್ತುಗಳೂ ಬಣ್ಣ ತಾಳುವುದರಿಂದ ಕ್ರಿಯಾಟಿನಿನ್ ತುಸು ಹೆಚ್ಚಾಗಿ ತೋರುತ್ತಿತ್ತು. ಕಿಣ್ವಗಳನ್ನು ಬಳಸುವ ಹೊಸ ವಿಧಾನ ಬಂದ ಮೇಲೆ, 2009ರಲ್ಲಿ ಸ್ಥಿರಾಂಕವನ್ನು 0.413 ಎಂದು ತಿದ್ದಲಾಯಿತು.

ಒಂದು ಲೆಕ್ಕವನ್ನು ನೋಡೋಣ. 100 ಸೆಂಟಿಮೀಟರ್ ಎತ್ತರದ ಮಗುವಿನ ಕ್ರಿಯಾಟಿನಿನ್ 0.4 ಮಿಲಿಗ್ರಾಂ ಇದ್ದರೆ, ಉತ್ತರ ಸುಮಾರು 103. ಅಂದರೆ, 1.73 ಚದರ ಮೀಟರ್ ಮೈಹರವಿಗೆ ಹೋಲಿಸಿದಾಗ ನಿಮಿಷಕ್ಕೆ 103 ಮಿಲಿಲೀಟರ್ ಸೋಸುವಿಕೆ. ಎರಡು ವರ್ಷ ದಾಟಿದ ಮಕ್ಕಳಲ್ಲಿ 90ಕ್ಕಿಂತ ಹೆಚ್ಚಿದ್ದರೆ ಅದು ಸಹಜ. ಅದೇ ಮಗುವಿನ ಕ್ರಿಯಾಟಿನಿನ್ 1 ಮಿಲಿಗ್ರಾಂ ಆದರೆ ಉತ್ತರ ಸುಮಾರು 41! ಅರ್ಧಕ್ಕಿಂತ ಹೆಚ್ಚು ಶಕ್ತಿ ಉಡುಗಿಹೋಗಿದೆ. ಜೆಂಟಮೈಸಿನ್ನಿನಂತಹ ಕೆಲವು ಔಷಧಗಳು ಮೂತ್ರಪಿಂಡಗಳ ಮೂಲಕವೇ ಹೊರಹೋಗತಕ್ಕವು. ಇದನ್ನರಿಯದೆ ಅಂತಹ ಮಗುವಿಗೆ ಅವುಗಳನ್ನು ಪೂರ್ಣ ಪ್ರಮಾಣದಲ್ಲಿ ಕೊಟ್ಟರೆ ಔಷಧವೇ ವಿಷವಾದೀತು.

ಆದರೂ ಸೂತ್ರವು ಅಂದಾಜೇ ಹೊರತು ನಿಖರವಾದ ಅಳತೆಯಲ್ಲ. ನವಜಾತ ಶಿಶುವಿನ ರಕ್ತದಲ್ಲಿ ಮೊದಲ ಕೆಲವು ದಿನ ತಾಯಿಯ ಕ್ರಿಯಾಟಿನಿನ್ನೇ ಉಳಿದಿರುತ್ತದೆ. ಅಪೌಷ್ಟಿಕತೆಯಿಂದ ಸೊರಗಿದ ಮಗುವಿನಲ್ಲಿ ಸ್ನಾಯುಗಳು ಕರಗಿ ಕ್ರಿಯಾಟಿನಿನ್ ತಗ್ಗುವುದರಿಂದ, ದುರ್ಬಲವಾದ ಮೂತ್ರಪಿಂಡಗಳೂ ಆರೋಗ್ಯದಿಂದಿರುವಂತೆ ತೋರಬಹುದು. ಅಂಥಲ್ಲಿ ಸ್ನಾಯುಗಳನ್ನು ಅಷ್ಟಾಗಿ ಅವಲಂಬಿಸದ ಸಿಸ್ಟಾಟಿನ್-ಸಿ ಎಂಬ ಪ್ರೋಟೀನಿನ ಪರೀಕ್ಷೆ ನೆರವಾಗುತ್ತದೆ.

ಮೂತ್ರಪಿಂಡಗಳ ರೋಗ ಬಹುಕಾಲ ನೋವಿಲ್ಲದೆ, ಸದ್ದಿಲ್ಲದೆ ಮುಂದುವರಿಯಬಲ್ಲುದು. ಅದನ್ನು ವೇಳೆಗೆ ಸರಿಯಾಗಿ ಗುರುತಿಸಲು ಸ್ವಲ್ಪ ರಕ್ತ, ಗೋಡೆಗೆ ಬರೆದ ಅಳತೆಯ ಗೆರೆ, ಸರಳವಾದ ಗುಣಾಕಾರ ಭಾಗಾಕಾರ ಇವಿಷ್ಟೇ ಅನೇಕ ವೇಳೆ ಸಾಕಾಗುತ್ತವೆ. ಮಗುವನ್ನು ಮಗುವಿನ ಅಳತೆಯಿಂದಲೇ ಅಳೆಯಬೇಕೆಂಬ ವಿವೇಕ ಮಾತ್ರ ಜೊತೆಗಿರಬೇಕು.