ಮಾತು ಕೇಳುವ ತಳಿ, ಕೇಳದ ತಳಿ

ಬೆಳಗಿನ ಆರು ಗಂಟೆಗೆ ಬೆಂಗಳೂರಿನ ಸಿ.ವಿ. ರಾಮನ್ ನಗರ, ಕಗ್ಗದಾಸಪುರ, ನಾಗವಾರಪಾಳ್ಯದ ರಸ್ತೆಗಳಲ್ಲಿ ಮನುಷ್ಯ ನಾಯಿಯನ್ನು ನಡೆಸುತ್ತಿದ್ದಾನೋ, ನಾಯಿ ಮನುಷ್ಯನನ್ನು ಎಳೆದೊಯ್ಯುತ್ತಿದೆಯೋ ಹೇಳುವುದು ಕಷ್ಟ. ನಾಯಿ ಸಾಕಿದವರ ಬಳಿ ಇದಕ್ಕೆ ಸಿದ್ಧ ಉತ್ತರವಿದೆ: ಎಲ್ಲ ತಳಿಯ ಗುಣ. ಲ್ಯಾಬ್ರಡಾರ್ ಕರೆದರೆ ಬರುತ್ತದೆ. ಹಸ್ಕಿ ಕೇಳಿಸಿಕೊಂಡೂ ಬರುವುದಿಲ್ಲ. ಶಿಟ್ಜು ಬಿಸ್ಕತ್ತು ಕಂಡ ಮೇಲೆ ಯೋಚನೆ ಮಾಡುತ್ತದೆ. ಮುಧೋಳದ ನಾಯಿಯೋ, ಕರೆಯುವ ಹೊತ್ತಿಗೆ ಇನ್ನೊಂದು ರಸ್ತೆಯಲ್ಲಿರುತ್ತದೆ. (ಮನೆಯಲ್ಲಿ ಕನ್ನಡ, ತಮಿಳು, ತೆಲುಗು ಏನೇ ಆಡಿದರೂ ನಾಯಿಗೆ ಮಾತ್ರ ‘ಸಿಟ್’, ‘ಕಮ್’, ‘ನೋ’ ಎಂದು ಇಂಗ್ಲಿಷಿನಲ್ಲೇ ಅಪ್ಪಣೆಯಾಗುವುದು ಈ ಭಾಗದ ಇನ್ನೊಂದು ಸೋಜಿಗ.)

ಇದೇ ನಂಬಿಕೆಯನ್ನು ಅಂಕಿಗಳಿಗೆ ಇಳಿಸಿದವರು ವಿಡಿಯೊ ಗೇಮ್ ಮಾಡುವವರು. 1997ರಲ್ಲಿ ಜಪಾನಿನ ಟೆಕ್ಮೊ ಕಂಪನಿ ‘ಮಾನ್‌ಸ್ಟರ್ ರ‍್ಯಾಂಚರ್’ ಎಂಬ ಆಟವನ್ನು ಹೊರತಂದಿತು. ಮನೆಯಲ್ಲಿರುವ ಯಾವುದೋ ಹಾಡಿನ ಸಿ.ಡಿ.ಯನ್ನು ಪ್ಲೇಸ್ಟೇಷನ್ನಿಗೆ ಹಾಕಿದರೆ ಅದರಿಂದ ಒಂದು ವಿಚಿತ್ರ ಪ್ರಾಣಿ ಹುಟ್ಟುತ್ತದೆ. ಅದನ್ನು ಸಾಕಿ, ಪಳಗಿಸಿ, ಕಾಳಗಕ್ಕೆ ಇಳಿಸಬೇಕು. ನಿಷ್ಠೆ ಕಡಿಮೆಯಿದ್ದರೆ ಅಖಾಡದ ನಡುವೆಯೇ ಅದು ಅಪ್ಪಣೆಗೆ ಕಿವಿಗೊಡದೆ ನಿಂತುಬಿಡುತ್ತದೆ. ಆ ನಿಷ್ಠೆಯ ಲೆಕ್ಕ ಸರಳ: ಪ್ರಾಣಿಗೆ ಒಡೆಯನ ಮೇಲಿರುವ ಭಯ ಎಷ್ಟು, ಅದಕ್ಕೆ ಸಿಕ್ಕ ಮುದ್ದು ಎಷ್ಟು, ಎರಡರ ಸರಾಸರಿ. 2001ರ ‘ಬ್ಲ್ಯಾಕ್ ಅಂಡ್ ವೈಟ್’ ಆಟ ಇನ್ನೂ ಮುಂದೆ ಹೋಯಿತು. ಅಲ್ಲಿನ ಪ್ರಾಣಿ ತಾನೇ ಕಲಿಯುತ್ತದೆ. ಸವರಿದರೆ ಆ ಕೆಲಸವನ್ನು ಮತ್ತೆ ಮಾಡುತ್ತದೆ, ಹೊಡೆದರೆ ಬಿಡುತ್ತದೆ. ಮಂಗನನ್ನು ಆರಿಸಿಕೊಂಡರೆ ಬೇಗ ಕಲಿಯುತ್ತದೆ, ಹುಲಿ ಕಾದಾಟದಲ್ಲಿ ಜೋರು, ಹಸು ಸಾಧು. ಆಟದ ಪ್ರಾಣಿಗಳಿಗೆ ಈ ಬುದ್ಧಿ ಕೊಟ್ಟದ್ದು ಕೃತಕ ಬುದ್ಧಿಮತ್ತೆ.

ಆಟದಲ್ಲಿ ಒಪ್ಪುವ ಈ ಲೆಕ್ಕ ರಸ್ತೆಯ ಮೇಲಿನ ನಾಯಿಗೆ ಎಷ್ಟು ಹೊಂದುತ್ತದೆ?

ತಳಿಗಳಿಗೆ ಅಂಕ ಕೊಡುವ ಪ್ರಯತ್ನವಂತೂ ಆಗಿದೆ. ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಕೊರೆನ್ ಉತ್ತರ ಅಮೆರಿಕದ 199 ಮಂದಿ ಶ್ವಾನ ಸ್ಪರ್ಧೆಯ ತೀರ್ಪುಗಾರರ ಅಭಿಪ್ರಾಯ ಕಲೆಹಾಕಿ 1994ರಲ್ಲಿ ಒಂದು ಪಟ್ಟಿ ಪ್ರಕಟಿಸಿದರು. ಮೊದಲ ಸ್ಥಾನ ಕುರಿ ಕಾಯುವ ಬಾರ್ಡರ್ ಕೋಲಿಗೆ. ಜರ್ಮನ್ ಶೆಫರ್ಡ್‌ಗೆ ಮೂರನೆಯದು, ಡಾಬರ್‌ಮನ್‌ಗೆ ಐದನೆಯದು. ಕಟ್ಟಕಡೆಗೆ ನಿಂತದ್ದು ಆಫ್ಘನ್ ಹೌಂಡ್. ಮೇಲಿನ ಸಾಲಿನವು ಹೊಸ ಅಪ್ಪಣೆಯನ್ನು ಐದು ಸಲಕ್ಕಿಂತ ಕಡಿಮೆ ಹೇಳಿಸಿಕೊಂಡು ಕಲಿಯುತ್ತವೆ, ಕೆಳಗಿನ ಸಾಲಿನವಕ್ಕೆ ಎಂಬತ್ತರಿಂದ ನೂರು ಸಲ ಹೇಳಬೇಕು ಎಂದಿತು ಆ ಪಟ್ಟಿ. ಇದರಲ್ಲಿ ಮುಧೋಳ ಇಲ್ಲ. ಇದ್ದಿದ್ದರೆ ಆಫ್ಘನ್ ಹೌಂಡ್‌ನ ಆಸುಪಾಸಿನಲ್ಲೇ ಇರುತ್ತಿತ್ತೇನೋ. ಹಾಗೆಂದು ಅದನ್ನು ದಡ್ಡ ಎನ್ನುವುದು ಅನ್ಯಾಯ.

ಮುಧೋಳದ ನಾಯಿ ಕಣ್ಣಿನಿಂದ ಬೇಟೆಯಾಡುವ ಜಾತಿ. ಉದ್ದ ಮೂತಿ, ಸಣ್ಣ ಸೊಂಟ, ಆಳವಾದ ಎದೆ, ಗಂಡಾದರೆ ಎಪ್ಪತ್ತು ಸೆಂಟಿಮೀಟರ್ ಆಸುಪಾಸು ಎತ್ತರ. ಬಾಗಲಕೋಟೆ ಜಿಲ್ಲೆಯ ಮುಧೋಳದ ಘೋರ್ಪಡೆ ಅರಸರು ಈ ತಳಿಯನ್ನು ಉಳಿಸಿ ಬೆಳೆಸಿದರು. ರಾಜಾ ಮಾಲೋಜಿರಾವ್ ಘೋರ್ಪಡೆ ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿಯನ್ನು ಉಡುಗೊರೆ ಕೊಟ್ಟಿದ್ದರು. ಬಯಲಿನಲ್ಲಿ ಮೊಲ ಎದ್ದು ಓಡಿದರೆ ಅದನ್ನು ಹಿಡಿಯುವ ಹೊಣೆ ಪೂರ್ತಿ ನಾಯಿಯದು. ಬೇಟೆಗಾರ ಮೈಲಿ ಹಿಂದಿರುತ್ತಾನೆ. ಅಂಥ ಹೊತ್ತಿನಲ್ಲಿ ‘ಯಜಮಾನರು ಏನನ್ನುತ್ತಾರೆ’ ಎಂದು ತಿರುಗಿ ನೋಡುವ ನಾಯಿಗೆ ಮೊಲ ಸಿಗುವುದಿಲ್ಲ, ಅಂಥದ್ದರ ಮರಿಗಳನ್ನು ಯಾರೂ ಸಾಕುವುದಿಲ್ಲ. ತಲೆಮಾರುಗಳ ಕಾಲ ಜನ ಆರಿಸಿಕೊಂಡದ್ದೇ ತಿರುಗಿ ನೋಡದ ನಾಯಿಯನ್ನು. ಕುರಿ ಕಾಯುವ ನಾಯಿಯ ಕಥೆ ಇದಕ್ಕೆ ಉಲ್ಟಾ: ಕುರುಬನ ಶಿಳ್ಳೆ, ಕೈಸನ್ನೆ ತಪ್ಪಿದರೆ ಮಂದೆಯೇ ಚದುರುತ್ತದೆ.

2009ರಲ್ಲಿ ಹಂಗೆರಿಯ ಮಾರ್ತಾ ಗಾಚಿ ಮತ್ತು ಸಂಗಡಿಗರು ಇದನ್ನೇ ಪರೀಕ್ಷೆಗೆ ಒಡ್ಡಿದರು. ಮನುಷ್ಯ ಬೆರಳು ತೋರಿಸಿದ ಕಡೆಯಿಟ್ಟ ತಿಂಡಿಯನ್ನು ನಾಯಿ ಹುಡುಕಬೇಕು. ಮನುಷ್ಯನ ಜೊತೆಗೂಡಿ ದುಡಿಯುವ ತಳಿಗಳು ತಾವಾಗಿ ಬೇಟೆಯಾಡುವ ತಳಿಗಳಿಗಿಂತ ಮುಂದಿದ್ದವು. ಇನ್ನೊಂದು ಕುತೂಹಲದ ಸಂಗತಿ, ಮೋಟು ಮೂತಿಯ ನಾಯಿಗಳು ಉದ್ದ ಮೂತಿಯವಕ್ಕಿಂತ ಚೆನ್ನಾಗಿ ಮಾಡಿದವು. ಉದ್ದ ಮೂತಿಯ ನಾಯಿಯ ಅಕ್ಷಿಪಟಲದಲ್ಲಿ ನರಕೋಶಗಳು ಅಡ್ಡಪಟ್ಟಿಯಾಗಿ ಹರಡಿರುತ್ತವೆ, ಹಾಗಾಗಿ ದಿಗಂತದುದ್ದಕ್ಕೂ ಕದಲುವುದೆಲ್ಲ ಅದಕ್ಕೆ ಕಾಣುತ್ತದೆ. ಮೋಟು ಮೂತಿಯದರಲ್ಲಿ ಅವು ನಡುವೆ ಒತ್ತಾಗಿರುತ್ತವೆ, ಎದುರಿಗಿರುವ ಮುಖ ಸ್ಪಷ್ಟವಾಗಿ ಕಾಣುತ್ತದೆ. ಅಂದರೆ ‘ಮಾತು ಕೇಳುವುದು’ ಅರ್ಧ ಕಣ್ಣಿನ ವಿಷಯ.

ಕೆಲಸ ಹೊಂದಿದರೆ ಇದೇ ಸ್ವಭಾವ ವರವಾಗುತ್ತದೆ. ಮುಧೋಳ ಬಳಿಯ ತಿಮ್ಮಾಪುರದಲ್ಲಿರುವ ಬೀದರ್ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರದಿಂದ 2016ರಲ್ಲಿ ಮರಿಗಳು ಮೀರತ್‌ನ ಸೇನಾ ತರಬೇತಿ ಕೇಂದ್ರಕ್ಕೆ ಹೋದವು. ಮುಂದೆ ವಾಯುಪಡೆಯೂ ಈ ತಳಿಯನ್ನು ಆಗ್ರಾ ನೆಲೆಗೆ ತರಿಸಿಕೊಂಡಿತು, ರನ್‌ವೇ ಮೇಲೆ ಕೂರುವ ಹಕ್ಕಿಗಳನ್ನು ಓಡಿಸಲು. ಕಂಡದ್ದನ್ನು ಅಟ್ಟಿಸಿಕೊಂಡು ಹೋಗುವುದೇ ಉದ್ಯೋಗವಾದರೆ ಮುಧೋಳಕ್ಕೆ ಹೇಳಿಕೊಡಬೇಕಾದದ್ದು ಹೆಚ್ಚಿಲ್ಲ. ವಾಸನೆ ಹಿಡಿದು ಹೋಗುವ ಪೊಲೀಸ್ ಕೆಲಸಕ್ಕೆ ಬೇರೆಯೇ ನಾಯಿ ಬೇಕು. 2020ರ ಜುಲೈನಲ್ಲಿ ದಾವಣಗೆರೆ ಪೊಲೀಸರ ಡಾಬರ್‌ಮನ್ ‘ತುಂಗಾ’ ಹತ್ತು ಕಿಲೋಮೀಟರಿಗೂ ಹೆಚ್ಚು ಓಡಿ ಕೊಲೆ ಪ್ರಕರಣದ ಆರೋಪಿಯ ಜಾಡು ತೋರಿಸಿ ಸುದ್ದಿಯಾಗಿತ್ತು. ಆ ತಳಿಯನ್ನು ರೂಪಿಸಿದವನು ಜರ್ಮನಿಯ ಅಪೋಲ್ಡಾ ಊರಿನ ತೆರಿಗೆ ವಸೂಲಿಗಾರ ಕಾರ್ಲ್ ಡೊಬರ್‌ಮನ್. ವಸೂಲಿಗೆ ಹೋಗುವಾಗ ಪಕ್ಕದಲ್ಲಿರಲು ಆತನಿಗೊಂದು ನಾಯಿ ಬೇಕಿತ್ತು. ಬೆಂಗಳೂರಿನ ಹೊರವಲಯದ ತರಳು ಗ್ರಾಮದಲ್ಲಿರುವ ಸಿ.ಆರ್.ಪಿ.ಎಫ್. ಶ್ವಾನ ಶಾಲೆ ಹೆಚ್ಚಾಗಿ ನೆಚ್ಚಿಕೊಂಡಿರುವುದು ಬೆಲ್ಜಿಯನ್ ಮ್ಯಾಲಿನ್ವಾ ತಳಿಯನ್ನು. ಅದರ ಮೂಲವೂ ಕುರಿಮಂದೆಯೇ.

ಹಾಗಾದರೆ ತಳಿಯೇ ಎಲ್ಲವೂ? ಅಲ್ಲ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು 18,385 ನಾಯಿಗಳ ನಡವಳಿಕೆಯ ವಿವರವನ್ನು ಮಾಲೀಕರಿಂದ ಪಡೆದು, ಅವುಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚಿನವುಗಳ ಡಿ.ಎನ್.ಎ. ಓದಿತು. ಒಂದು ನಾಯಿಗೂ ಇನ್ನೊಂದಕ್ಕೂ ನಡವಳಿಕೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ 9 ಮಾತ್ರ. ತಳಿಯ ಛಾಪು ಉಳಿದ ಗುಣಗಳಿಗಿಂತ ಹೆಚ್ಚು ಕಂಡದ್ದು ಆಜ್ಞೆಗೆ ಓಗೊಡುವ ಗುಣದಲ್ಲಿ, ನಿಜ. ಆದರೆ ಅಲ್ಲೂ ತಳಿಯ ಹೆಸರು ಕೇಳಿ ಒಂದು ನಿರ್ದಿಷ್ಟ ನಾಯಿ ಹೇಗೆ ನಡೆದುಕೊಳ್ಳುತ್ತದೆ ಎಂದು ಭವಿಷ್ಯ ನುಡಿಯಲಾಗದು. ಮಾತು ಕೇಳದ ಲ್ಯಾಬ್ರಡಾರ್‌ಗಳು ಕಗ್ಗದಾಸಪುರದಲ್ಲೂ ಇವೆ.

ತಳಿಯೇ ಇಲ್ಲದ ಬೀದಿನಾಯಿಯ ವಿಷಯ ಇನ್ನೂ ಸ್ವಾರಸ್ಯ. ಕೋಲ್ಕತ್ತದ ಐಸರ್ ಸಂಸ್ಥೆಯ ಅನಿಂದಿತಾ ಭದ್ರ ಅವರ ತಂಡ 160 ಬೀದಿನಾಯಿಗಳಿಗೆ ಇದೇ ಬೆರಳು ತೋರಿಸುವ ಪರೀಕ್ಷೆ ಇಟ್ಟಿತು. ಅರ್ಧದಷ್ಟು ನಾಯಿಗಳು ಹತ್ತಿರವೇ ಬರಲಿಲ್ಲ. ಬಂದವುಗಳಲ್ಲಿ ಸುಮಾರು ಶೇ 80ರಷ್ಟು ಸರಿಯಾದ ಕಡೆಗೇ ಹೋದವು, ಯಾರ ತರಬೇತಿಯೂ ಇಲ್ಲದೆ. ಬಾರದ ಅರ್ಧವನ್ನು ತಡೆದದ್ದು ದಡ್ಡತನವಲ್ಲ, ಮನುಷ್ಯರ ಬಗೆಗಿನ ಅಂಜಿಕೆ ಎಂಬುದು ಸಂಶೋಧಕರ ಅಂದಾಜು.

ವಿಡಿಯೊ ಗೇಮಿನ ನಿಷ್ಠೆಯ ಸೂತ್ರ ಎಡವುವುದು ಇಲ್ಲೇ. ಭಯವನ್ನೂ ಮುದ್ದನ್ನೂ ಅದು ಸಮನಾಗಿ ತೂಗುತ್ತದೆ. ಬ್ರಿಟನ್ನಿನಲ್ಲಿ 364 ಮಾಲೀಕರನ್ನು ವಿಚಾರಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಿಂಡಿ, ಹೊಗಳಿಕೆ, ಆಟದಿಂದ ಕಲಿತ ನಾಯಿಗಳು ಹೆಚ್ಚು ವಿಧೇಯವಾಗಿದ್ದವು. ಶಿಕ್ಷೆಯಿಂದ ವಿಧೇಯತೆ ಹೆಚ್ಚಲಿಲ್ಲ, ಬದಲಿಗೆ ಕೆಟ್ಟ ಚಾಳಿಗಳು ಹೆಚ್ಚಿದ್ದವು. ಪೋರ್ಚುಗಲ್‌ನಲ್ಲಿ 92 ನಾಯಿಗಳನ್ನು ನೋಡಿದ 2020ರ ಅಧ್ಯಯನದಲ್ಲಿ, ಗದರಿಸಿ ಹಗ್ಗ ಜಗ್ಗಿ ಕಲಿಸುವ ಶಾಲೆಗಳ ನಾಯಿಗಳ ಜೊಲ್ಲಿನಲ್ಲಿ ತರಬೇತಿಯ ನಂತರ ಒತ್ತಡದ ಹಾರ್ಮೋನು ಏರಿತ್ತು.

ಅಪಾರ್ಟ್‌ಮೆಂಟಿಗೆ ಮುಧೋಳದ ಮರಿ ತರಬೇಕೆಂದಿರುವವರು ತಳಿಯ ಹೆಮ್ಮೆಗಿಂತ ಮೊದಲು ಅದು ದಿನಾ ಓಡಲು ಬೇಲಿಯಿರುವ ಬಯಲು ಹತ್ತಿರದಲ್ಲಿದೆಯೇ ಎಂದು ನೋಡಲಿ. ಕರೆದಾಗ ಬರುವುದನ್ನು ಮರಿಯಿದ್ದಾಗಲೇ, ಉದ್ದ ಹಗ್ಗ ಕಟ್ಟಿ, ಪ್ರತಿ ಸಲ ತಿಂಡಿ ಕೊಟ್ಟು ಕಲಿಸಲಿ. ಅಷ್ಟಾದರೂ ಎದುರಿಗೆ ಬೆಕ್ಕು ಓಡಿದರೆ ಅದು ತಿರುಗಿ ನೋಡುವುದು ಅನುಮಾನ; ಸುರಂಜನ್‌ದಾಸ್ ರಸ್ತೆಯ ಟ್ರಾಫಿಕ್ಕಿನ ಹತ್ತಿರ ಹಗ್ಗ ಬಿಚ್ಚಬೇಡಿ.