ತೌರಿಗೆ ಹೊರಡುವ ಮುನ್ನ

ಚೊಚ್ಚಲ ಹೆರಿಗೆ ತೌರುಮನೆಯಲ್ಲಿಯೇ ಆಗಬೇಕೆಂಬುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಸೀಮಂತದ ಹಸಿರು ಬಳೆ ತೊಟ್ಟ ಹೆಣ್ಣುಮಕ್ಕಳು ಬೆಂಗಳೂರಿನಿಂದಲೂ ಮೈಸೂರಿನಿಂದಲೂ ಕಪಿಲೆಯ ದಡದ ನಂಜನಗೂಡಿಗೆ, ಕಾವೇರಿ ಕಪಿಲೆಯರು ಕೂಡುವ ತಿರುಮಕೂಡಲು ನರಸೀಪುರಕ್ಕೆ ಇಂದಿಗೂ ಬರುತ್ತಾರೆ. ತಾಯಿಯ ಕೈಯಡುಗೆ, ಅಜ್ಜಿಯ ಆರೈಕೆ, ಹಗಲಿರುಳು ಜೊತೆಗಿರುವ ಜನ ಇವು ಯಾವ ಔಷಧದ ಅಂಗಡಿಯಲ್ಲಿಯೂ ದೊರೆಯುವ ವಸ್ತುಗಳಲ್ಲ. ಆದರೆ ಮಗಳ ಜೊತೆಯಲ್ಲಿ ಸೀರೆ, ಬಳೆ, ಹಣ್ಣುಹಂಪಲು ಬಂದಂತೆ ಅವಳ ಎಂಟು ತಿಂಗಳ ಆರೋಗ್ಯದ ವೃತ್ತಾಂತವೂ ಬಂದಿದೆಯೇ? ಅದುವರೆಗೆ ಅವಳನ್ನು ಪರೀಕ್ಷಿಸಿದ ವೈದ್ಯರು ಒಂದು ಊರಿನಲ್ಲಿ. ಹೆರಿಗೆ ಮಾಡಿಸುವವರು ಮತ್ತೊಂದು ಊರಿನಲ್ಲಿ. ಇವರಿಬ್ಬರ ನಡುವಣ ಕೊಂಡಿ ಗರ್ಭಿಣಿಯ ಕೈಯಲ್ಲಿರುವ ಕಾಗದಪತ್ರಗಳೇ.

ಮೂರು ಬಗೆಯ ತಡ

ಕಾಲ ಬಹಳ ಬದಲಾಗಿದೆ. 1992-93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಸಮಯದಲ್ಲಿ ಕರ್ನಾಟಕದ ನೂರು ಹೆರಿಗೆಗಳಲ್ಲಿ ಸುಮಾರು 38 ಮಾತ್ರ ಆಸ್ಪತ್ರೆಗಳಲ್ಲಿ ನಡೆಯುತ್ತಿದ್ದವು. 2019-20ರ ಸಮೀಕ್ಷೆಯಲ್ಲಿ ಈ ಸಂಖ್ಯೆ 97ಕ್ಕೆ ಏರಿತು. ಆದರೂ 2018-20ರ ಅವಧಿಯಲ್ಲಿ ನಮ್ಮ ರಾಜ್ಯದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 69 ಮಂದಿ ತಾಯಂದಿರು ತೀರಿಕೊಂಡರೆಂದು ಸರ್ಕಾರದ ಲೆಕ್ಕವೇ ಹೇಳುತ್ತದೆ. ಆಸ್ಪತ್ರೆಯ ಬಾಗಿಲು ತೆರೆದಿದ್ದರೂ ಇಂತಹ ಸಾವು ಏಕೆ ಸಂಭವಿಸುತ್ತದೆ?

1994ರಲ್ಲಿ ಸೆರೀನ್ ಥಡಿಯಸ್ ಮತ್ತು ಡೆಬೊರಾ ಮೇಯ್ನ್ ಎಂಬ ಇಬ್ಬರು ಸಂಶೋಧಕರು ಈ ಪ್ರಶ್ನೆಗೆ ಸರಳವಾದ ಉತ್ತರವೊಂದನ್ನು ಕೊಟ್ಟರು. ತಾಯಿಯ ಜೀವ ಕಳೆಯುವುದು ಮೂರು ಬಗೆಯ ತಡದಿಂದ. ಮನೆಯವರು ನಿಶ್ಚಯಿಸುವುದರಲ್ಲಿ ತಡ. ಆಸ್ಪತ್ರೆಯನ್ನು ಮುಟ್ಟುವುದರಲ್ಲಿ ತಡ. ಮುಟ್ಟಿದ ಮೇಲೆ ಚಿಕಿತ್ಸೆ ದೊರೆಯುವುದರಲ್ಲಿ ತಡ. ಮೊದಲಿನ ಎರಡು ಮನೆಯವರ ಕೈಯಲ್ಲಿವೆ. ಮೂರನೆಯದನ್ನೂ ಮುಂದಾಲೋಚನೆಯಿಂದ ಬಹುಮಟ್ಟಿಗೆ ತಗ್ಗಿಸಬಹುದು.

ಹೊರಡುವ ಮೊದಲು

ಎಂಟನೆಯ ತಿಂಗಳು ಮುಗಿಯುವುದರೊಳಗೆ ತೌರಿಗೆ ಬಂದು, ಅಲ್ಲಿನ ಆಸ್ಪತ್ರೆಯಲ್ಲಿ ಒಮ್ಮೆಯಾದರೂ ತೋರಿಸಿ ಹೆಸರು ಬರೆಸುವುದು ಲೇಸು. ತಾಯಿ ಕಾರ್ಡು, ಸ್ಕ್ಯಾನಿಂಗ್ ವರದಿಗಳು, ರಕ್ತದ ಗುಂಪು, ಹಿಮೋಗ್ಲೋಬಿನ್ ಪ್ರಮಾಣ, ರಕ್ತದೊತ್ತಡ ಮತ್ತು ಸಕ್ಕರೆಯ ದಾಖಲೆ ಇವೆಲ್ಲವೂ ಒಂದೇ ಚೀಲದಲ್ಲಿರಲಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳ 9ನೆಯ ತಾರೀಖು ಗರ್ಭಿಣಿಯರನ್ನು ಉಚಿತವಾಗಿ ಪರೀಕ್ಷಿಸುವ ಏರ್ಪಾಡು 2016ರಲ್ಲಿ ಆರಂಭವಾಯಿತು.

ಹೆಸರು ಬರೆಸುವ ದಿನವೇ ನಾಲ್ಕು ಮಾತು ಕೇಳಿರಿ. ರಾತ್ರಿಯ ವೇಳೆ ವೈದ್ಯರಿರುತ್ತಾರೆಯೇ? ಶಸ್ತ್ರಕ್ರಿಯೆ ಬೇಕಾದರೆ ಇಲ್ಲಿಯೇ ಆಗುವುದೇ? ರಕ್ತ ಎಲ್ಲಿಂದ ಬರುತ್ತದೆ? ಕೂಸಿಗೆ ತೊಂದರೆಯಾದರೆ ನೋಡುವವರು ಯಾರು? ನಂಜನಗೂಡು, ನರಸೀಪುರಗಳೆರಡರಲ್ಲಿಯೂ ತಾಲ್ಲೂಕು ಆಸ್ಪತ್ರೆಗಳಿವೆ. ತೊಡಕಿನ ಹೆರಿಗೆಯಾದರೆ ಮೈಸೂರು ವೈದ್ಯಕೀಯ ಕಾಲೇಜಿಗೆ ಸೇರಿದ ಚೆಲುವಾಂಬ ಆಸ್ಪತ್ರೆಯಿದೆ. ಆದರೆ ನಂಜನಗೂಡಿನಿಂದ ಮೈಸೂರಿಗೆ ಸುಮಾರು 25 ಕಿಲೋಮೀಟರು. ನರಸೀಪುರದಿಂದ 30ಕ್ಕೂ ಮೇಲು. ಹಳ್ಳಿಯ ಮನೆಯಾದರೆ ದೂರ ಇನ್ನಷ್ಟು. ಆದುದರಿಂದ ರಕ್ತದೊತ್ತಡವುಳ್ಳವರು, ಅವಳಿ ಮಕ್ಕಳನ್ನು ಹೊತ್ತವರು, ಹಿಂದೆ ಸಿಸೇರಿಯನ್ ಆದವರು, ತೀವ್ರ ರಕ್ತಹೀನತೆಯುಳ್ಳವರು ಮೊದಲಿನಿಂದಲೇ ದೊಡ್ಡ ಆಸ್ಪತ್ರೆಯನ್ನು ಗೊತ್ತುಮಾಡಿಕೊಳ್ಳುವುದು ವಿವೇಕ. ಬಾಡಿಗೆ ಕಾರಿನ ನಂಬರನ್ನೂ 108 ಅನ್ನೂ ಎಲ್ಲರ ಕಣ್ಣಿಗೆ ಬೀಳುವಂತೆ ಗೋಡೆಯ ಮೇಲೆ ಬರೆದಿಡಿರಿ.

ರಕ್ತಹೀನತೆಯನ್ನು ಹಗುರವಾಗಿ ಎಣಿಸಬಾರದು. 2019-20ರ ಸಮೀಕ್ಷೆಯಂತೆ ಕರ್ನಾಟಕದ ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು 46 ಮಂದಿಗೆ ಅದು ಇದ್ದಿತು. ತುಂಬುಗರ್ಭದಲ್ಲಿ ಗರ್ಭಕೋಶದ ಮೂಲಕ ನಿಮಿಷಕ್ಕೆ ಅರ್ಧ ಲೀಟರಿಗೂ ಮಿಗಿಲಾಗಿ ರಕ್ತ ಹರಿಯುತ್ತದೆ. ಹೆರಿಗೆಯ ತರುವಾಯ ಗರ್ಭಕೋಶ ಬಿಗಿಯಾಗಿ ಕುಗ್ಗದಿದ್ದರೆ ಕೊಡ ಒಡೆದಂತೆ ಆ ರಕ್ತ ಹರಿದುಹೋಗುತ್ತದೆ. ಸದೃಢಳಾದವಳು ಸಹಿಸಬಲ್ಲ ನಷ್ಟವನ್ನು ರಕ್ತಹೀನಳಾದವಳು ಸಹಿಸಲಾರಳು. ಕೊಟ್ಟ ಕಬ್ಬಿಣದ ಮಾತ್ರೆಯನ್ನು ಪೆಟ್ಟಿಗೆಯಲ್ಲಿಟ್ಟು ಮರೆಯಬೇಡಿರಿ. ಕಾಫಿ, ಚಹದ ಜೊತೆ ನುಂಗಲೂ ಬೇಡಿರಿ.

ಯಾವಾಗ ಹೊರಡಬೇಕು?

ನಿಜವಾದ ಹೆರಿಗೆ ನೋವು ಅಲೆಯಂತೆ ಬಂದು ಹೋಗುತ್ತದೆ. ಬರಬರುತ್ತ ಬಿರುಸಾಗುತ್ತದೆ, ನಡುವಣ ಬಿಡುವು ಕಡಿಮೆಯಾಗುತ್ತದೆ. ಮಲಗಿದರೂ ನಡೆದಾಡಿದರೂ ನಿಲ್ಲದು. ಚೊಚ್ಚಲ ಗರ್ಭಿಣಿಗೆ ಐದೈದು ನಿಮಿಷಕ್ಕೊಮ್ಮೆ ನೋವು ಬರತೊಡಗಿದರೆ ಹೊರಡುವ ಸಮಯ ಬಂದಿತೆಂದು ತಿಳಿಯಬೇಕು. ಆಸ್ಪತ್ರೆ ದೂರವಿದ್ದರೆ, ಅಥವಾ ಎರಡನೆಯ ಹೆರಿಗೆಯಾದರೆ, ಅಷ್ಟೂ ಕಾಯಬಾರದು.

ಕೆಲವು ಸೂಚನೆಗಳಿಗೆ ನೋವಿನ ಹಂಗಿಲ್ಲ. ನೀರಿನ ಚೀಲ ಒಡೆದು ನೀರು ಹೋಗುವುದು, ಅದರಲ್ಲೂ ಆ ನೀರು ಹಸಿರಾಗಿರುವುದು, ರಕ್ತ ಹೋಗುವುದು, ತಡೆಯಲಾರದ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದಿಕೊಳ್ಳುವುದು, ಜ್ವರ, ಕೂಸಿನ ಚಲನೆ ಕಡಿಮೆಯಾಗುವುದು. ಇವುಗಳಲ್ಲಿ ಒಂದು ಕಂಡರೂ ಆ ಕೂಡಲೇ ಹೊರಡಬೇಕು. ರಾಹುಕಾಲ ಕಳೆಯಲಿ, ಬೆಳಗಾಗಲಿ, ಅಳಿಯಂದಿರು ಬರಲಿ ಎಂದು ಕಾಯುವಂತಿಲ್ಲ. ಫಿಟ್ಸ್ ಬಂದರೆ ಎಡಮಗ್ಗುಲಿಗೆ ಹೊರಳಿಸಿ, ಬಾಯಿಗೆ ಏನನ್ನೂ ಹಾಕದೆ, ಆಸ್ಪತ್ರೆಗೆ ಸಾಗಿಸಬೇಕು.

ಹೆರಿಗೆಯ ಕೊಠಡಿಯಲ್ಲಿ

ಅರಿಯದುದೇ ಭಯಕ್ಕೆ ಮೂಲ. ಮೊದಲನೆಯ ಹಂತದಲ್ಲಿ ಗರ್ಭಕೋಶದ ಬಾಯಿ ಮೆಲ್ಲನೆ ತೆರೆದುಕೊಳ್ಳುತ್ತದೆ. ಐದು ಸೆಂಟಿಮೀಟರು ತೆರೆದ ಬಳಿಕವೂ ಚೊಚ್ಚಲಿನಲ್ಲಿ ಹನ್ನೆರಡು ಗಂಟೆಗಳವರೆಗೆ ಹಿಡಿಯಬಹುದು. ವೈದ್ಯರು ಬೇಡವೆಂದಿದ್ದರೆ ಹೊರತು, ಈ ವೇಳೆ ನಡೆದಾಡುವುದಕ್ಕೂ ನೀರು, ಮಜ್ಜಿಗೆ ಕುಡಿಯುವುದಕ್ಕೂ ಅಡ್ಡಿಯಿಲ್ಲ. ಎರಡನೆಯ ಹಂತದಲ್ಲಿ ತಾಯಿ ಮುಕ್ಕಿ ಕೂಸನ್ನು ಹೊರತರುತ್ತಾಳೆ. ಹೊಟ್ಟೆಯನ್ನು ಮೇಲಿನಿಂದ ಒತ್ತಿ ತಳ್ಳುವ ಹಳೆಯ ರೂಢಿ ಅಪಾಯಕರ. ಮೂರನೆಯ ಹಂತದಲ್ಲಿ ಮಾಸು ಬೀಳುತ್ತದೆ. ರಕ್ತಸ್ರಾವ ತಡೆಯಲು ಕೂಸು ಹುಟ್ಟಿದೊಡನೆ ತಾಯಿಗೆ ಆಕ್ಸಿಟೋಸಿನ್ ಚುಚ್ಚುಮದ್ದು ಕೊಡುತ್ತಾರೆ.

ಪರಿಚಿತ ಹೆಂಗಸೊಬ್ಬಳು ಪಕ್ಕದಲ್ಲಿ ಕೈಹಿಡಿದು ನಿಂತಿದ್ದರೆ ಹೆರಿಗೆ ಸುಗಮವಾಗುವುದೆಂದು ಅನೇಕ ದೇಶಗಳ ಅಧ್ಯಯನಗಳು ತೋರಿಸಿವೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆ ಅವಕಾಶ ಕೊಡಬೇಕೆಂದು ಕೇಂದ್ರ ಸರ್ಕಾರ 2016ರಲ್ಲಿ ಸೂಚಿಸಿತು. ನೋವಿನಲ್ಲಿರುವವಳನ್ನು ಗದರಿಸುವ ಹಕ್ಕು ಯಾರಿಗೂ ಇಲ್ಲ. ಸಿಸೇರಿಯನ್ ಬೇಕೆಂದರೆ ಕಾರಣ ಕೇಳಿ ತಿಳಿದುಕೊಳ್ಳುವುದು ತಪ್ಪಲ್ಲ. ಕಾರಣ ತಿಳಿದ ಮೇಲೆ ನೆಂಟರೆಲ್ಲರ ಒಪ್ಪಿಗೆಗಾಗಿ ಗಂಟೆಗಟ್ಟಲೆ ಕಾಯುವುದು ತಪ್ಪು.

ಕೂಸು ಹುಟ್ಟಿದ ಮೇಲೆ

ಆರೋಗ್ಯವಾಗಿರುವ ಕೂಸನ್ನು ಒರೆಸಿ ತಾಯಿಯ ಎದೆಯ ಮೇಲೆ ಮಲಗಿಸಬೇಕು. ಒಂದು ಗಂಟೆಯೊಳಗೆ ಹಾಲೂಡಿಸಬೇಕು. ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲುವುದು ಕೂಸಿನ ಪಾಲಿನ ರಕ್ಷಣೆಯನ್ನೇ ಚೆಲ್ಲಿದಂತೆ. ಜೇನು, ಸಕ್ಕರೆನೀರು ಬೇಡ. ಮೊದಲ ದಿನ ಎರೆಯಬಾರದು. ಹೊಕ್ಕುಳಿಗೆ ಎಣ್ಣೆ, ಬೂದಿ ಹಚ್ಚಬಾರದು.

ತಾಯಿಗೂ ಅಪಾಯದ ಕಾಲ ಕಳೆದಿಲ್ಲ. ಮೊದಲ ಇಪ್ಪತ್ತನಾಲ್ಕು ಗಂಟೆಗಳು ಅತ್ಯಂತ ಎಚ್ಚರಿಕೆಯವು. ಸಹಜ ಹೆರಿಗೆಯಾದರೂ ಎರಡು ದಿನ ಆಸ್ಪತ್ರೆಯಲ್ಲಿರಬೇಕು. ಮೊಮ್ಮಗುವನ್ನು ಮನೆ ತುಂಬಿಸಿಕೊಳ್ಳುವ ಆತುರ ಬೇಡ. ಗಂಟೆಯೊಳಗೆ ಒಂದು ಪ್ಯಾಡು ತೊಯ್ದುಹೋದರೆ, ಚಳಿಜ್ವರ ಬಂದರೆ, ದುರ್ವಾಸನೆಯ ಸ್ರಾವ ಕಂಡರೆ, ಕಾಲೊಂದು ಊದಿ ನೋಯತೊಡಗಿದರೆ ಮತ್ತೆ ವೈದ್ಯರಲ್ಲಿಗೆ ಓಡಬೇಕು. ಬಾಣಂತಿಗೆ ನೀರು ಕಡಿಮೆ ಕೊಡುವುದು, ಬಾಗಿಲು ಮುಚ್ಚಿ ಕೆಂಡದ ಹೊಗೆ ಹಾಕುವುದು ತಾಯಿಗೂ ಕೂಸಿಗೂ ಕೇಡು. ಎರಡು ವಾರ ಕಳೆದರೂ ಅವಳು ಮಂಕಾಗಿ ಅಳುತ್ತಿದ್ದರೆ ಅದನ್ನು ದೃಷ್ಟಿದೋಷವೆಂದು ತಳ್ಳಿಹಾಕದೆ ವೈದ್ಯರಿಗೆ ತಿಳಿಸಬೇಕು.

ತೌರಿನ ಪ್ರೀತಿಗೆ ಮುಂದಾಲೋಚನೆ ಕೂಡಿದರೆ ಅದಕ್ಕಿಂತ ಮೇಲಾದ ಆರೈಕೆ ಬೇರೊಂದಿಲ್ಲ. ಅಪರಾತ್ರಿಯಲ್ಲಿ ನೋವು ಬಂದಾಗ ಯಾರು ಜೊತೆಗೆ ಹೋಗುವವರು, ಯಾವ ಆಸ್ಪತ್ರೆಗೆ, ಯಾವ ಗಾಡಿಯಲ್ಲಿ ಎಂಬುದನ್ನು ಸೀಮಂತದ ದಿನವೇ ಎರಡೂ ಕಡೆಯ ಹಿರಿಯರು ಕುಳಿತು ನಿಶ್ಚಯಿಸಲಿ. ಆ ಮಾತುಕತೆಯಲ್ಲಿ ಗರ್ಭಿಣಿಯನ್ನೂ ಕೂರಿಸಿಕೊಂಡು ಅವಳ ಅಭಿಪ್ರಾಯವನ್ನು ಮೊದಲು ಕೇಳಲಿ.