ಉದ್ಯೋಗವೂ ಮನಸ್ಸಿನ ಆರೋಗ್ಯವೂ

ನಮ್ಮ ಶಾಲೆಯಲ್ಲಿ ಓದಿ ಹೊರಟ ಹೆಣ್ಣುಮಕ್ಕಳು ಈಗ ಉಪಾಧ್ಯಾಯಿನಿಯರಾಗಿಯೂ ದಾದಿಯರಾಗಿಯೂ ಬ್ಯಾಂಕು, ಕಚೇರಿ, ಕಾರ್ಖಾನೆಗಳ ನೌಕರರಾಗಿಯೂ ನಾನಾ ಊರುಗಳಲ್ಲಿ ದುಡಿಯುತ್ತಿದ್ದಾರೆಂಬದು ನಮಗೆ ಸಂತೋಷದ ಸಂಗತಿ. ರಜೆಯಲ್ಲಿ ನಮ್ಮನ್ನು ಕಾಣಬಂದವರಲ್ಲಿ ಕೆಲವರು ಸಂಬಳದ ಮಾತು, ಮನೆಯ ಮಾತು, ಮಕ್ಕಳ ಮಾತು ಮುಗಿಸಿ ಎದ್ದು ಹೊರಡುವಾಗ ಇನ್ನೊಂದು ಮಾತನ್ನು ಮೆಲ್ಲಗೆ ಹೇಳುವದುಂಟು: “ಬೆಳಿಗ್ಗೆ ಕೆಲಸಕ್ಕೆ ಹೊರಡುವದೆಂದರೆ ಎದೆ ಭಾರವಾಗುತ್ತದೆ, ಟೀಚರ್, ನನ್ನಲ್ಲಿಯೇ ಏನೋ ಕೊರತೆ ಇರಬೇಕು.” ಇದನ್ನು ಮನೆಯಲ್ಲಿ ಹೇಳಿಕೊಂಡರೆ ಹಿರಿಯರು “ತಾಳಿದವನು ಬಾಳಿಯಾನು” ಎಂಬ ಗಾದೆಯನ್ನು ನೆನಪಿಗೆ ತರುತ್ತಾರೆ. ಆ ಗಾದೆಯು ಸುಳ್ಳಲ್ಲ. ಆದರೆ ಇಂಥ ಸಂಕಟವೆಲ್ಲವೂ ಅವಳೊಬ್ಬಳ ಕೊರತೆಯಿಂದ ಹುಟ್ಟಿದ್ದಲ್ಲ. ಬಹಳಷ್ಟು ಸಂದರ್ಭಗಳಲ್ಲಿ ಅದು ಕೆಲಸದ ಏರ್ಪಾಡಿನಿಂದ ಹುಟ್ಟುತ್ತದೆ. ಆದಕಾರಣ ಅದರ ಪರಿಹಾರವೂ ಏರ್ಪಾಡಿನಿಂದಲೇ ಆರಂಭವಾಗಬೇಕು. ಇದನ್ನು ಕೆಲವು ಸಂಗತಿಗಳ ಆಧಾರದಿಂದ ವಿವರಿಸುವದೇ ಈ ಲೇಖನದ ಉದ್ದೇಶ.

ಮೊದಲು ಮನಸ್ಸಿನ ಆರೋಗ್ಯವೆಂದರೇನೆಂಬದನ್ನು ತಿಳಿಯಬೇಕು. ಬುದ್ಧಿಭ್ರಮಣೆಯಾಗದಿದ್ದರೆ ಸಾಕು, ಮನಸ್ಸು ನೆಟ್ಟಗಿದೆಯೆಂದು ಹಲವರ ಭಾವನೆ. ೧೯೪೮ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನವು ಈ ಭಾವನೆಯನ್ನು ಒಪ್ಪುವದಿಲ್ಲ. ರೋಗವಿಲ್ಲದಿರುವದು ಮಾತ್ರವೇ ಆರೋಗ್ಯವಲ್ಲ. ಶರೀರ, ಮನಸ್ಸು, ಸಮಾಜಜೀವನ ಈ ಮೂರರ ಕ್ಷೇಮವೂ ಕೂಡಿದ್ದೇ ಆರೋಗ್ಯವೆಂದು ಅದು ಹೇಳುತ್ತದೆ. ಉದ್ಯೋಗವು ಈ ಕ್ಷೇಮಕ್ಕೆ ಶತ್ರುವೆಂದು ಯಾರೂ ತಿಳಿಯಬಾರದು. ದಿನಕ್ಕೊಂದು ಕ್ರಮ, ನಾಲ್ಕು ಮಂದಿಯ ಸಹವಾಸ, ಕೈಯಲ್ಲಿ ಸ್ವಂತದ ಹಣ, ತಾನೂ ಒಂದು ಪ್ರಯೋಜನಕ್ಕೆ ಬರುವವಳೆಂಬ ನೆಮ್ಮದಿ ಇವೆಲ್ಲವೂ ಕೆಲಸದಿಂದಲೇ ದೊರೆಯುತ್ತವೆ. ಒಳ್ಳೆಯ ಕೆಲಸವು ಮನಸ್ಸಿಗೆ ಪುಷ್ಟಿ. ಕೆಟ್ಟ ರೀತಿಯಲ್ಲಿ ನಡೆಸಿದ ಕೆಲಸವು ಮಾತ್ರ ಅದಕ್ಕೆ ಕ್ಷಯ.

ದಣಿವು ಬೇರೆ, ಈ ಕ್ಷಯ ಬೇರೆ. ಪರೀಕ್ಷೆಯ ಕಾಗದಗಳನ್ನು ತಿದ್ದಿ ದಣಿದವಳು ಒಂದು ರಾತ್ರಿ ಚೆನ್ನಾಗಿ ನಿದ್ದೆಮಾಡಿ, ಒಂದು ಭಾನುವಾರ ಮನೆಯವರೊಡನೆ ಕಳೆದರೆ ಪುನಃ ಚೇತರಿಸಿಕೊಳ್ಳುತ್ತಾಳೆ. ಎಷ್ಟು ವಿಶ್ರಾಂತಿ ಕೊಟ್ಟರೂ ಹೋಗದ ಇನ್ನೊಂದು ಬಳಲಿಕೆಯುಂಟು. ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞರಾದ ಫ್ರಾಯ್ಡನ್‌ಬರ್ಗರ್ ಎಂಬವರು, ಬಡವರಿಗಾಗಿ ನಡೆಯುತ್ತಿದ್ದ ಧರ್ಮಾರ್ಥ ಚಿಕಿತ್ಸಾಲಯಗಳಲ್ಲಿ ಉತ್ಸಾಹದಿಂದ ಸೇವೆಗೆ ಸೇರಿದವರೇ ಕೆಲವು ಕಾಲದಲ್ಲಿ ಬತ್ತಿಹೋಗುವದನ್ನು ಕಂಡು, ೧೯೭೪ರಲ್ಲಿ ಅದನ್ನು ‘ಬರ್ನ್‌ಔಟ್’ ಎಂಬ ಹೆಸರಿನಿಂದ ವರ್ಣಿಸಿದರು. ಎಣ್ಣೆ ತೀರಿದ ಮೇಲೆ ದೀಪದ ಬತ್ತಿಯೇ ಸುಟ್ಟುಹೋಗುವದಕ್ಕೆ ಇದನ್ನು ಹೋಲಿಸಬಹುದು. ಕ್ರಿಸ್ಟೀನಾ ಮಾಸ್ಲಾಕ್ ಎಂಬ ವಿದುಷಿಯು ಸುಸಾನ್ ಜ್ಯಾಕ್‌ಸನ್ ಎಂಬವರೊಡನೆ ೧೯೮೧ರಲ್ಲಿ ಇದನ್ನು ಅಳೆಯುವ ಕ್ರಮವೊಂದನ್ನು ಪ್ರಕಟಿಸಿದರು. ಇದರ ಲಕ್ಷಣಗಳು ಮುಖ್ಯವಾಗಿ ಮೂರು: ಸತ್ವವೆಲ್ಲವೂ ಬರಿದಾದಂತಿರುವದು, ಕೆಲಸದಲ್ಲಿಯೂ ಎದುರಿಗಿರುವ ಜನರಲ್ಲಿಯೂ ಮಮತೆ ಒಣಗಿಹೋಗುವದು, ತನ್ನಿಂದ ಏನೂ ಆಗದೆಂಬ ಭಾವನೆ ಬೇರೂರುವದು. ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಇದನ್ನು ಒಂದು ರೋಗವೆಂದಲ್ಲ, ಉದ್ಯೋಗಕ್ಕೆ ಸಂಬಂಧಪಟ್ಟ ಒಂದು ಸ್ಥಿತಿಯೆಂದು ತನ್ನ ಪಟ್ಟಿಯಲ್ಲಿ ವಿವರಿಸಿತು. ಇದು ಗಮನಿಸತಕ್ಕ ಮಾತು. ಸ್ಥಿತಿಯ ಮೂಲವು ಉದ್ಯೋಗದಲ್ಲಿದೆಯೆಂದ ಮೇಲೆ ಬಳಲಿದವಳನ್ನೇ ದೂರುವದು ನ್ಯಾಯವಲ್ಲ.

ಈ ಸ್ಥಿತಿಗೆ ಬೀಳುವವರು ಸೋಮಾರಿಗಳೇ ಆಗಿರಬೇಕಿಲ್ಲ. ಮನವಿಟ್ಟು ದುಡಿಯುವವರೇ ಬೀಳುವದುಂಟು. ಅದರಲ್ಲಿಯೂ ಮನುಷ್ಯರ ನಡುವೆ ಕೆಲಸ ಮಾಡುವವರಿಗೆ ಇನ್ನೊಂದು ಹೊರೆಯುಂಟು. ಹಾಕ್‌ಷೀಲ್ಡ್ ಎಂಬ ಅಮೆರಿಕದ ವಿದುಷಿಯು ವಿಮಾನಗಳಲ್ಲಿ ಪ್ರಯಾಣಿಕರನ್ನು ಉಪಚರಿಸುವ ಸ್ತ್ರೀಯರನ್ನು ಕುರಿತು ೧೯೮೩ರಲ್ಲಿ ಬರೆದ ಗ್ರಂಥದಲ್ಲಿ, ಒಳಗಿನ ಭಾವವನ್ನು ಅಡಗಿಸಿ ಹೊರಗೆ ನಗುಮುಖ ತೋರಿಸುವದೂ ಒಂದು ದುಡಿಮೆಯೇ ಎಂದು ತೋರಿಸಿಕೊಟ್ಟರು. ಮಗುವಿಗೆ ಜ್ವರವೆಂದು ಮನೆಯಿಂದ ಕಳವಳಪಟ್ಟು ಬಂದ ಉಪಾಧ್ಯಾಯಿನಿಯು ನಲವತ್ತು ಮಕ್ಕಳ ಮುಂದೆ ಪ್ರಸನ್ನಳಾಗಿ ನಿಲ್ಲಬೇಕು. ಈ ದುಡಿಮೆಯು ಯಾವ ಹಾಜರಿ ಪುಸ್ತಕದಲ್ಲಿಯೂ ಬರೆಯಲ್ಪಡುವದಿಲ್ಲ.

ಹಾಗಾದರೆ ಕೆಲಸದ ಭಾರವೊಂದೇ ಕಾರಣವೋ? ಅಲ್ಲವೆಂದು ವಿಚಾರವಂತರ ಅಭಿಪ್ರಾಯ. ಭಾರವು ಹೆಚ್ಚಾಗಿದ್ದು, ಕೆಲಸದ ರೀತಿಯಲ್ಲಿ ತನ್ನ ಮಾತಿಗೆ ಸ್ವಲ್ಪವೂ ಎಡೆಯಿಲ್ಲದಿದ್ದಾಗ ಮನಸ್ಸು ಹೆಚ್ಚು ಕುಗ್ಗುತ್ತದೆಂದು ಕಾರಾಸೆಕ್ ಎಂಬವರು ೧೯೭೯ರಲ್ಲಿ ತಿಳಿಸಿದರು. ಲಂಡನ್ ನಗರದ ಹತ್ತು ಸಾವಿರಕ್ಕೂ ಮೇಲ್ಪಟ್ಟ ಸರಕಾರಿ ನೌಕರರನ್ನು ೧೯೮೫ರಿಂದ ಪರೀಕ್ಷಿಸುತ್ತಾ ಬಂದ ವೈಟ್‌ಹಾಲ್ ಸಂಶೋಧನೆಯೂ ಇದಕ್ಕೆ ಹೊಂದುವಂತಿದೆ. ದೊಡ್ಡ ಜವಾಬ್ದಾರಿಯ ಮೇಲಧಿಕಾರಿಗಳಿಗೇ ಹೃದ್ರೋಗ ಹೆಚ್ಚೆಂದು ಜನರು ಊಹಿಸುತ್ತಾರೆ. ಆದರೆ ೧೯೯೭ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ತಮ್ಮ ಕೆಲಸದ ಮೇಲೆ ಹಿಡಿತ ಕಡಿಮೆಯಿದ್ದ ನೌಕರರಲ್ಲಿಯೇ ಅದು ಹೆಚ್ಚಾಗಿ ಕಂಡಿತು. ಶಾಲೆಯ ಉದಾಹರಣೆಯನ್ನೇ ತೆಗೆದುಕೊಳ್ಳಿರಿ. ಇಬ್ಬರು ಉಪಾಧ್ಯಾಯಿನಿಯರಿಗೆ ವಾರಕ್ಕೆ ಅಷ್ಟೇ ಪಾಠಗಳು. ಒಬ್ಬಳಿಗೆ ವೇಳಾಪಟ್ಟಿಯನ್ನು ಮೊದಲೇ ತೋರಿಸಿ ಅನುಕೂಲವನ್ನು ಕೇಳುತ್ತಾರೆ. ಇನ್ನೊಬ್ಬಳಿಗೆ ದಿನವೂ ಬೆಳಿಗ್ಗೆ ಚೀಟಿಯೊಂದು ಬರುತ್ತದೆ. ಸಂಜೆಗೆ ಇವರಿಬ್ಬರೂ ಒಂದೇ ಬಗೆಯಾಗಿ ಮನೆಗೆ ಹೋಗುವದಿಲ್ಲ.

ಇನ್ನೊಂದು ಸಂಗತಿಯು ನಮ್ಮಂಥ ಮೇಲ್ವಿಚಾರಕರೆಲ್ಲರೂ ಆಲೋಚಿಸತಕ್ಕದ್ದಾಗಿದೆ. ಏಮಿ ಎಡ್ಮಂಡ್‌ಸನ್ ಎಂಬ ಅಮೆರಿಕದ ವಿದುಷಿಯು ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಪರಿಶೀಲಿಸಿ ೧೯೯೬ರಲ್ಲಿ ವರದಿಯನ್ನು ಪ್ರಕಟಿಸಿದರು. ಒಳ್ಳೆಯ ಮೇಲ್ವಿಚಾರಣೆಯುಳ್ಳ ವಾರ್ಡುಗಳಲ್ಲಿ ತಪ್ಪುಗಳು ಕಡಿಮೆಯಿರಬೇಕೆಂದು ಅವರು ಎಣಿಸಿದ್ದರು. ನೋಡಿದರೆ ಅಲ್ಲಿಯೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು! ವಿಚಾರಿಸಲಾಗಿ ತಿಳಿದದ್ದೇನೆಂದರೆ, ಆ ವಾರ್ಡುಗಳ ದಾದಿಯರು ನಡೆದ ತಪ್ಪನ್ನು ಅಂಜದೆ ತಿಳಿಸುತ್ತಿದ್ದರು. ಕಠಿಣ ಮಾತಿನ ವಾರ್ಡುಗಳಲ್ಲಿ ಮುಚ್ಚಿಡುತ್ತಿದ್ದರು. ಮುಚ್ಚಿಟ್ಟ ತಪ್ಪಿನಿಂದ ಕೆಡುಕಾಗುವದು ರೋಗಿಗೆ. ಶಾಲೆಯಲ್ಲಿಯೂ ಹಾಗೆಯೇ. ಅಂಕಪಟ್ಟಿಯಲ್ಲಿ ತಪ್ಪಿದವಳು ಭಯವಿಲ್ಲದಿದ್ದರೆ ಆ ದಿನವೇ ಬಂದು ಹೇಳುವಳು; ಭಯವಿದ್ದರೆ ಅದು ಹಾಗೆಯೇ ಉಳಿದು, ಕೊನೆಗೆ ಒಬ್ಬ ಬಾಲಕಿಯ ವರುಷವೇ ಹಾಳಾದೀತು.

ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ೨೦೨೨ರಲ್ಲಿ ತಿಳಿಸಿದ ಅಂದಾಜಿನಂತೆ, ಖಿನ್ನತೆ ಮತ್ತು ಆತಂಕಗಳ ದೆಸೆಯಿಂದ ಲೋಕದಲ್ಲಿ ವರುಷಕ್ಕೆ ೧೨೦೦ ಕೋಟಿ ಕೆಲಸದ ದಿನಗಳು ನಷ್ಟವಾಗುತ್ತವೆ. ಆದಕಾರಣ ಸಂಸ್ಥೆಯನ್ನು ನಡೆಸುವವರು ಇದನ್ನು ದಯೆಯ ವಿಷಯವೆಂದು ಮಾತ್ರ ತಿಳಿಯದೆ ಕರ್ತವ್ಯವೆಂದು ತಿಳಿಯತಕ್ಕದ್ದು. ಅವರು ನಡೆಸಬೇಕಾದವುಗಳಲ್ಲಿ ಮುಖ್ಯವಾದವು ಇವು:

೧. ಕೆಲಸವನ್ನು ಅಳತೆಯಿಂದ ಹಂಚಬೇಕು. ಮದುವೆಯಾಗದವಳೆಂದೋ ಎದುರಾಡದವಳೆಂದೋ ಒಬ್ಬಳ ಮೇಲೆಯೇ ಎಲ್ಲವನ್ನೂ ಹೇರಬಾರದು. ವೇಳೆ ಮೀರಿದ ಮೇಲೆ ಮೊಬೈಲ್ ಫೋನಿನಲ್ಲಿ ಅಪ್ಪಣೆ ಕಳುಹಿಸುವದು, ನೌಕರಳ ಅಡಿಗೆಮನೆಗೇ ಕಚೇರಿಯನ್ನು ಹೊತ್ತುಕೊಂಡುಹೋದಂತೆ.

೨. ಏರ್ಪಾಡನ್ನು ಬದಲಿಸುವ ಮೊದಲು ಅದರಲ್ಲಿ ದುಡಿಯುವವರನ್ನು ಕೇಳಬೇಕು. ಕೇಳಿದ್ದನ್ನೆಲ್ಲಾ ನಡಿಸಲಾಗದಿದ್ದರೆ ಕಾರಣವನ್ನಾದರೂ ತಿಳಿಸಬೇಕು.

೩. ತಪ್ಪನ್ನು ಏಕಾಂತದಲ್ಲಿ ತಿದ್ದಬೇಕು. ಒಳ್ಳೆಯದನ್ನು ಎಲ್ಲರ ಮುಂದೆ ಹೇಳಬೇಕು. ನಮ್ಮಲ್ಲಿ ಅನೇಕ ಕಡೆ ಇದು ತಲೆಕೆಳಗಾಗಿಯೇ ನಡೆಯುತ್ತದೆ.

೪. ಸ್ತ್ರೀಯರ ಮಾನವನ್ನು ಕಾಯಬೇಕು. ಲೈಂಗಿಕ ಕಿರುಕುಳವನ್ನು ತಡೆಯುವದಕ್ಕೆ ೨೦೧೩ರಲ್ಲಿ ಆದ ಕಾಯಿದೆಯಂತೆ, ಹತ್ತು ಮಂದಿ ಅಥವಾ ಹೆಚ್ಚು ನೌಕರರುಳ್ಳ ಸಂಸ್ಥೆಯಲ್ಲಿ ದೂರುಗಳನ್ನು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕು. ಅದಕ್ಕೆ ಹಿರಿಯ ಸ್ತ್ರೀಯೊಬ್ಬಳು ಅಧ್ಯಕ್ಷಳಾಗಿರಬೇಕು. ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಸ್ತ್ರೀಯರಿರಬೇಕು. ಸಮಿತಿಯ ಹೆಸರು ಗೋಡೆಯ ಮೇಲೆ ಮಾತ್ರ ಇದ್ದರೆ ಸಾಲದು.

೫. ರಜೆಯನ್ನು ಭಿಕ್ಷೆಯಂತೆ ಕೊಡಬಾರದು. ೨೦೧೭ರ ತಿದ್ದುಪಡಿಯಿಂದ ಮೊದಲಿನ ಎರಡು ಮಕ್ಕಳ ಹೆರಿಗೆಗೆ ಸಂಬಳಸಹಿತ ರಜೆಯು ೧೨ ವಾರಗಳಿಂದ ೨೬ ವಾರಗಳಿಗೆ ಏರಿತು. ಕಾಯಿದೆಯು ಕೊಟ್ಟದ್ದನ್ನು ಮುಖ ಸಿಂಡರಿಸಿಕೊಂಡು ಕೊಡುವ ಸ್ಥಳದಲ್ಲಿ ತಾಯಿಯಾದವಳ ಮನಸ್ಸಿಗೆ ನೆಮ್ಮದಿಯಿರದು.

ಇನ್ನು ದುಡಿಯುವವರ ವಿಷಯ. ಸಂಕಟವನ್ನು ನಂಬಿಕೆಯುಳ್ಳ ಒಬ್ಬರಿಗಾದರೂ ಹೇಳಿಕೊಳ್ಳಬೇಕು. ಕೇಳುವ ಜೊತೆಯವಳು ಬುದ್ಧಿ ಹೇಳುವ ಅವಸರಪಡದೆ, ಮೊದಲು ಪೂರ್ತಿಯಾಗಿ ಕೇಳಲಿ. ಎರಡು ವಾರಗಳಿಗೂ ಹೆಚ್ಚುಕಾಲ ನಿದ್ದೆಯೂ ಊಟವೂ ಸೇರದೆ, ಯಾವದರಲ್ಲಿಯೂ ಆಸಕ್ತಿಯಿಲ್ಲದೆ, ಕಾರಣವಿಲ್ಲದೆ ಅಳು ಬರುತ್ತಿದ್ದರೆ ವೈದ್ಯರನ್ನು ಕಾಣಬೇಕು. ಬದುಕಿರುವದಕ್ಕಿಂತ ಸಾಯುವದೇ ಮೇಲೆಂಬ ಆಲೋಚನೆ ಬಂದರಂತೂ ಒಂದು ದಿನವೂ ತಡಮಾಡಬಾರದು. ಭಾರತ ಸರಕಾರವು ೨೦೨೨ನೆಯ ಅಕ್ಟೋಬರ್ ೧೦ರಂದು ಆರಂಭಿಸಿದ ‘ಟೆಲಿ-ಮಾನಸ್’ ಎಂಬ ಏರ್ಪಾಡಿನಲ್ಲಿ ೧೪೪೧೬ ಎಂಬ ಸಂಖ್ಯೆಗೆ ಹಗಲಿರುಳೂ ಹಣವಿಲ್ಲದೆ ಫೋನು ಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇದಕ್ಕೆ ಮುಖ್ಯ ಕೇಂದ್ರ. ೨೦೧೭ರ ಮಾನಸಿಕ ಆರೋಗ್ಯ ಕಾಯಿದೆಯು ಇಂಥ ಚಿಕಿತ್ಸೆಯನ್ನು ಪಡೆಯುವದು ಪ್ರತಿಯೊಬ್ಬರ ಹಕ್ಕೆಂದು ಸಾರಿದೆ. ಹಲ್ಲು ನೋವಿಗೆ ವೈದ್ಯರ ಬಳಿಗೆ ಹೋಗುವದರಲ್ಲಿ ನಾಚಿಕೆಯಿಲ್ಲದಿದ್ದರೆ ಮನಸ್ಸಿನ ನೋವಿಗೆ ಹೋಗುವದರಲ್ಲಿಯೂ ಇರಬೇಕಾಗಿಲ್ಲ.

ತಾಯಿತಂದೆಗಳಿಗೂ ಒಂದು ಅರಿಕೆ. ಮಗಳು ಕೆಲಸಕ್ಕೆ ಸೇರಿದಾಗ ಸಂಬಳವೆಷ್ಟೆಂದು ಕೇಳುವಿರಿ. ಅಲ್ಲಿ ಅವಳನ್ನು ಹೇಗೆ ನಡಿಸಿಕೊಳ್ಳುತ್ತಾರೆಂಬದನ್ನೂ ಕೇಳಿರಿ. ಹೇಳತಕ್ಕವರಿಗೆಲ್ಲಾ ವಿನಯದಿಂದ ಹೇಳಿದ ಮೇಲೆಯೂ ಏನೂ ಸುಧಾರಿಸದಿದ್ದರೆ, ಇನ್ನೊಂದು ಆಧಾರವನ್ನು ನೋಡಿಕೊಂಡು ಆ ಸ್ಥಳವನ್ನು ಬಿಡುವದು ಸೋಲಲ್ಲವೆಂದು ಅವಳಿಗೆ ಧೈರ್ಯ ಹೇಳಿರಿ.

ನಮ್ಮ ಬಾಲಕಿಯರಿಗೆ ತಾಳ್ಮೆಯನ್ನು ನಾವು ಕಲಿಸುತ್ತಲೇ ಇರುವೆವು. ಕಠಿಣವಾದ ಪಾಠಕ್ಕೂ, ರೋಗಿಯ ಸೇವೆಗೂ, ಮಂದಗತಿಯ ಮಗುವಿಗೆ ಓದು ಹೇಳುವದಕ್ಕೂ ತಾಳ್ಮೆ ಬೇಕು. ಆದರೆ ಅವಮಾನಕ್ಕೂ ಅನ್ಯಾಯದ ಹೊರೆಗೂ ತಾಳ್ಮೆಯು ಮದ್ದಲ್ಲ. ಅಲ್ಲಿ ಬೇಕಾದದ್ದು ಸಭ್ಯವಾದ, ಸ್ಪಷ್ಟವಾದ ಮಾತು. ಅದನ್ನೂ ಶಾಲೆಯಲ್ಲಿಯೇ ಕಲಿಯಬೇಕು. ಪ್ರಿಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಕೆಲವರು ಮುಂದೆ ಶಾಲೆಗಳನ್ನೂ ವಾರ್ಡುಗಳನ್ನೂ ಕಚೇರಿಗಳನ್ನೂ ನಡೆಸುವವರಾಗುವಿರಿ. ಆಗ ನಿಮ್ಮ ಕೈಕೆಳಗಿನ ಕಿರಿಯಳೊಬ್ಬಳು ಬಾಗಿಲಲ್ಲಿ ನಿಂತು ಏನನ್ನೋ ಹೇಳಲು ಅನುಮಾನಿಸುತ್ತಿದ್ದರೆ, ಕೈಯಲ್ಲಿದ್ದ ಕಾಗದವನ್ನು ಕೆಳಗಿಟ್ಟು ಅವಳನ್ನು ಒಳಗೆ ಕರೆದು ಕುಳ್ಳಿರಿಸಿರಿ. ಅಂಥ ಹಿರಿಯರು ನಮ್ಮ ಶಾಲೆಯಿಂದ ಅನೇಕರು ಹೊರಡಲೆಂದು ಹಾರೈಸುತ್ತೇವೆ.